ಜೋಜಿಲಾ ಏರಿದ ಹಗುರ ಟ್ಯಾಂಕ್

ಘೋಣಸಗಿಯಿಂದ ತಿಕೋಟಾ ಹಾಯ್ದು ವಿಜಯಪುರಕ್ಕೆ ಬಂದವರು ಕೋಟೆಯ ಪಡುವಣ ಗೋಡೆಯ ಶೇರ್ಜಾ ಬುರುಜು ಹತ್ತದೆ ಮರಳುವುದು ಕಡಿಮೆ. ಅಲ್ಲಿರುವ ಮಲಿಕ್-ಎ-ಮೈದಾನ್ ತೋಪಿನ ತೂಕ ಸುಮಾರು 55 ಟನ್. ಭಾರವಾದಷ್ಟೂ ಆಯುಧ ದೊಡ್ಡದು ಎಂಬ ನಂಬಿಕೆ ನಮ್ಮ ಭಾಗದ ಮಕ್ಕಳಲ್ಲಿ ಬೇರೂರುವುದು ಅದರ ಮುಂದೆ ನಿಂತಾಗಲೇ. ಅದರ ಕಾಲುಭಾಗದಷ್ಟೇ ತೂಗುತ್ತಿದ್ದ ಸ್ಟುವರ್ಟ್ ಟ್ಯಾಂಕಿನ ಕಥೆಯನ್ನೂ ಆ ಮಕ್ಕಳಿಗೆ ಹೇಳಬೇಕು.

1941ರ ನವೆಂಬರ್‌ನಲ್ಲಿ ಬ್ರಿಟಿಷರು ಅಮೆರಿಕದ ಈ ಟ್ಯಾಂಕನ್ನು ಲಿಬಿಯಾದ ಮರಳುಗಾಡಿಗೆ ಇಳಿಸಿದಾಗ ಭರವಸೆ ದೊಡ್ಡದಿತ್ತು. ಒಳ್ಳೆಯ ಓಟ, ಕೈಕೊಡದ ಎಂಜಿನ್. ಸಿಬ್ಬಂದಿ ಮುದ್ದಿನಿಂದ ‘ಹನಿ’ ಎಂದು ಕರೆದರು. ಆದರೆ ಅದರ 37 ಮಿ.ಮೀ. ಫಿರಂಗಿಯ ಏಟು ದೂರದ ಜರ್ಮನ್ ಟ್ಯಾಂಕುಗಳಿಗೆ ನಾಟಲಿಲ್ಲ. ತೆಳು ಕವಚ ಅವರ ಗುಂಡನ್ನು ತಡೆಯಲಿಲ್ಲ. ಕವಚ ದಪ್ಪ ಮಾಡಿದರೆ ಓಟ ಹೋಗುತ್ತದೆ, ಓಟ ಹೋದರೆ ಅದರಲ್ಲಿ ಉಳಿಯುವುದೇನು? ಹೀಗೆ ಅದು ನೇರ ಕಾದಾಟದಿಂದ ಸರಿದು ಶತ್ರುವಿನ ಸುಳಿವು ಹಿಡಿಯುವ ಕೆಲಸಕ್ಕೆ ಬಿತ್ತು. ದೂರದಿಂದ ಕಾಣದಿರಲೆಂದು ಹಲವು ಟ್ಯಾಂಕುಗಳ ಫಿರಂಗಿ ಗೋಪುರವನ್ನೇ ಬ್ರಿಟಿಷರು ಕಿತ್ತುಹಾಕಿದರು.

1948ರಲ್ಲಿ ಭಾರತದಲ್ಲೂ ಗೋಪುರ ಕಳಚಿತು, ಆದರೆ ಮತ್ತೆ ಕೂಡಿಸಲೆಂದೇ. ಕಾಶ್ಮೀರದ ಯುದ್ಧದಲ್ಲಿ ಲೇಹ್ ದಾರಿಯ ಜೋಜಿಲಾ ಕಣಿವೆ ಪಾಕಿಸ್ತಾನದ ಕಡೆಯ ಪಡೆಗಳ ಕೈಯಲ್ಲಿತ್ತು. ಸುಮಾರು 3,500 ಮೀಟರ್ ಎತ್ತರ. ಸೆಪ್ಟೆಂಬರ್‌ನ ದಾಳಿಗಳು ವಿಫಲವಾಗಿದ್ದವು. ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೊಡಂದೇರ ತಿಮ್ಮಯ್ಯ ಆಗ ಟ್ಯಾಂಕ್ ಒಯ್ಯಲು ನಿರ್ಧರಿಸಿದರು. ಭಾರದ ಟ್ಯಾಂಕುಗಳಿಗೆ ಆ ಹಾದಿಯ ಸೇತುವೆಗಳೇ ಸಾಲುತ್ತಿರಲಿಲ್ಲ. 7ನೇ ಲಘು ಅಶ್ವದಳದ ಸ್ಟುವರ್ಟ್‌ಗಳು ಗೋಪುರ ಕಳಚಿಕೊಂಡು ಗುಟ್ಟಾಗಿ ಶ್ರೀನಗರ ದಾಟಿ ಬಾಲ್ಟಾಲ್ ಸೇರಿದವು. ಅಲ್ಲಿಂದ ಮೇಲಕ್ಕಿದ್ದದ್ದು ಹೇಸರಗತ್ತೆಗಳ ಕಾಲುದಾರಿ ಮಾತ್ರ. ಅದನ್ನು ಟ್ಯಾಂಕ್ ಹತ್ತುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್ ಯೋಧರು. ಆ ಪಡೆಯ ಕೇಂದ್ರ ನಮ್ಮ ಬೆಂಗಳೂರು. ನನ್ನ ಮಟ್ಟಿಗೆ ಈ ಕಥೆಯ ಅರ್ಧ ಶ್ರೇಯ ಅವರ ಗುದ್ದಲಿಗೇ ಸಲ್ಲಬೇಕು.

ನವೆಂಬರ್ 1ರಂದು, ಹಿಮದ ನಡುವೆ, ಟ್ಯಾಂಕುಗಳು ಕಣಿವೆ ಹೊಕ್ಕವು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬಂದೀತೆಂದು ಎದುರಾಳಿಗಳು ಎಣಿಸಿರಲಿಲ್ಲ. ಲಿಬಿಯಾದಲ್ಲಿ ಸೋತ ಅದೇ 37 ಮಿ.ಮೀ. ಫಿರಂಗಿ ಇಲ್ಲಿ ಬಂಡೆಮರೆಯ ಬಂಕರ್‌ಗಳನ್ನು ಒಡೆಯಿತು. ಎದುರು ಟ್ಯಾಂಕ್ ಇಲ್ಲದ ಕಡೆ ಅಷ್ಟು ಸಾಕಿತ್ತು. ಅಂಥ ಜಾಗಗಳು ಯುದ್ಧದಲ್ಲಿ ವಿರಳ. ಅದರ ಬಳಕೆ ಸೀಮಿತವಾದದ್ದೂ ಅದಕ್ಕೇ.

ತಿಂಗಳು ಮುಗಿಯುವ ಮೊದಲೇ ಕಾರ್ಗಿಲ್ ಕೈಗೆ ಬಂತು, ಲೇಹ್ ಉಳಿಯಿತು. ಮಡಿಕೇರಿಯ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರ ಫೆಬ್ರುವರಿಯಿಂದ ವಸ್ತುಸಂಗ್ರಹಾಲಯವಾಗಿದೆ. ಕೊಡಗಿಗೆ ಹೋದಾಗ ಮಕ್ಕಳನ್ನು ಅಲ್ಲಿಗೆ ತಪ್ಪದೆ ಕರೆದೊಯ್ಯಿರಿ.