ಶ್ರಾವಣ ಮುಗಿದ ಮರುದಿನ

ಶ್ರಾವಣ ಮಾಸ ಬಂದಿತೆಂದರೆ ಬೀಡಿ, ಸಿಗರೇಟನ್ನು ಮುಟ್ಟದ ಭಕ್ತರು ನಮ್ಮಲ್ಲಿ ಅನೇಕರಿದ್ದಾರೆ. ಪ್ರವಚನಕ್ಕೆ ತಪ್ಪದೆ ಬರುತ್ತಾರೆ, ತಿಂಗಳು ಪೂರ್ತಿ ವ್ರತ ಪಾಲಿಸುತ್ತಾರೆ. ಬೆನಕನ ಅಮಾವಾಸ್ಯೆ ಕಳೆದ ಮರುದಿನ ಬೆಳಗಿನ ಚಹದೊಂದಿಗೆ ಮತ್ತೆ ಹೊಗೆ ಏಳುತ್ತದೆ. ಇವರೇ ಮುಂದೆ ಕೆಮ್ಮು, ದಮ್ಮು ಎಂದು ನಮ್ಮ ಚಿಕಿತ್ಸಾಲಯಕ್ಕೆ ಬಂದಾಗ, ಬೀಡಿ ಬಿಡಿರೆಂದು ಹೇಳಿದರೆ, "ಮೂವತ್ತು ವರ್ಷದ ಚಟಾರೀ ಡಾಕ್ಟ್ರ, ಹ್ಯಾಂಗ ಬಿಡಲಿಕ್ಕಾಗತೈತಿ?" ಎನ್ನುತ್ತಾರೆ. ಒಂದು ತಿಂಗಳು ಬಿಟ್ಟು ತೋರಿಸಿದವರ ಮಾತಿದು!

ಹೊಗೆಯನ್ನು ಎಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ತಂಬಾಕಿನ ನಿಕೋಟಿನ್ ಮೆದುಳನ್ನು ತಲುಪುತ್ತದೆ. ಅದಕ್ಕೆ ಒಗ್ಗಿಹೋದ ಮೆದುಳು ಅದು ಸಿಗದಾಗ ಸಿಟ್ಟು, ಚಡಪಡಿಕೆ, ತಲೆನೋವು, ನಿದ್ರಾಭಂಗ, ಮಲಬದ್ಧತೆಗಳ ರೂಪದಲ್ಲಿ ಬೇಡಿಕೆ ಸಲ್ಲಿಸುತ್ತದೆ. ಈ ಬಾಧೆ ಮೊದಲ ಮೂರು ದಿನಗಳಲ್ಲಿ ಅತ್ಯಂತ ತೀವ್ರವಾಗಿರುತ್ತದೆ. ಬಳಿಕ ಇಳಿಯುತ್ತ ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಶಮನವಾಗುತ್ತದೆ. ಅಂದರೆ ಶ್ರಾವಣದ ವ್ರತಸ್ಥರು ಕಡಿದಾದ ಏರನ್ನು ಹತ್ತಿ ಮುಗಿಸಿ, ಸಮತಟ್ಟಾದ ದಾರಿ ಬಂದಾಗ ಹಿಂದಿರುಗುತ್ತಿದ್ದಾರೆ. ಮೂವತ್ತೊಂದನೆಯ ದಿನ ಹಚ್ಚುವ ಬೀಡಿಯನ್ನು ಕೇಳುವುದು ದೇಹಕ್ಕಿಂತ ಹೆಚ್ಚಾಗಿ ರೂಢಿ.

ಈ ವಿಷಯದಲ್ಲಿ ನಾವು ಕೇವಲ ಉಪದೇಶಕರಲ್ಲ. ವಿದ್ಯಾರ್ಥಿ ನಿಲಯದಲ್ಲಿದ್ದಾಗ ಸಿಗರೇಟು ಕಲಿತು, ಎರಡು ಬಾರಿ ಬಿಟ್ಟು ಎರಡು ಬಾರಿಯೂ ಮತ್ತೆ ಹಿಡಿದವರು. ಎರಡನೆಯ ಸಲವಂತೂ ನಾಲ್ಕು ತಿಂಗಳು ಬಿಟ್ಟಿದ್ದೆವು. ಗೆಳೆಯನ ಮದುವೆಯಲ್ಲಿ 'ಒಂದೇ ಒಂದು' ಎಂದು ಸೇದಿದ್ದು ವಾರದೊಳಗೆ ದಿನಕ್ಕೆ ಹತ್ತಾಯಿತು. ಮೂರನೆಯ ಪ್ರಯತ್ನ ಉಳಿಯಿತು. ಬಿಟ್ಟು ಮತ್ತೆ ಹಿಡಿದವರು ನಾಚಿ ನಮ್ಮೆದುರು ಸುಳ್ಳು ಹೇಳುವುದುಂಟು, ಅದರ ಅಗತ್ಯವಿಲ್ಲ.

ಓದಿಕೊಂಡ ಕೆಲವು ಭಕ್ತರು ಇನ್ನೊಂದು ವಾದವನ್ನು ಹೂಡುತ್ತಾರೆ: "ಚರಕ ಸಂಹಿತೆಯಲ್ಲಿಯೇ ಧೂಮಪಾನ ಹೇಳಿದೆಯಲ್ಲ?" ಹೇಳಿರುವುದು ನಿಜ. ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಔಷಧ ದ್ರವ್ಯಗಳನ್ನು ಅರೆದು ವರ್ತಿ ಮಾಡಿ, ಗೊತ್ತಾದ ಕಾಲದಲ್ಲಿ ಮಿತವಾಗಿ ಹೊಗೆ ಸೇವಿಸುವ ವಿಧಿಯಿದೆ. ಮಿತಿ ಮೀರಿದರೆ ಕಿವುಡು, ಕುರುಡು, ರಕ್ತಸ್ರಾವ ಉಂಟಾದೀತೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಆದರೆ ಆ ವರ್ತಿಯಲ್ಲಿ ತಂಬಾಕಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ತಂಬಾಕು ಅಮೆರಿಕ ಖಂಡದ ಸಸ್ಯ. ನಮ್ಮ ನಾಡಿಗೆ ತಂದವರು ಪೋರ್ಚುಗೀಸರು. ಅಕ್ಬರನ ಆಸ್ಥಾನಕ್ಕೆ ಅದನ್ನು 1604ರ ಸುಮಾರಿಗೆ ಕೊಂಡೊಯ್ದವನು ಅಸದ್ ಬೇಗ್. ಅವನಿಗೆ ಅದು ದೊರೆತದ್ದು ನಮ್ಮ ವಿಜಯಪುರದಲ್ಲಿ. ಆಸ್ಥಾನದ ವೈದ್ಯರು ಅಂದೇ ಬೇಡವೆಂದಿದ್ದರು. ಇಂದು ಮಾರಾಟಕ್ಕಿರುವ ಗಿಡಮೂಲಿಕೆಯ ಬೀಡಿಗಳನ್ನೂ ನಾವು ಒಪ್ಪುವುದಿಲ್ಲ. ಯಾವ ಎಲೆಯನ್ನು ಸುಟ್ಟರೂ ಟಾರು ಮತ್ತು ಕಾರ್ಬನ್ ಮೊನಾಕ್ಸೈಡು ಎದೆಗಿಳಿಯುತ್ತವೆ.

ಬೀಡಿ ಸಣ್ಣದು, ಆದ್ದರಿಂದ ಸೌಮ್ಯವಾದುದು ಎಂಬ ನಂಬಿಕೆಯೂ ತಪ್ಪು. ಅದರಲ್ಲಿ ತಂಬಾಕು ಕಡಿಮೆಯೇನೋ ಹೌದು. ಆದರೆ ಸುತ್ತಿದ ಎಲೆ ಗಾಳಿಯಾಡಲು ಬಿಡದು, ಬೀಡಿ ಆಗಾಗ ಆರುತ್ತದೆ. ಆರದಂತೆ ಮೇಲಿಂದ ಮೇಲೆ ಬಲವಾಗಿ ಎಳೆಯಬೇಕಾಗುತ್ತದೆ. ಹೀಗಾಗಿ ವಿಷ ಸಿಗರೇಟಿಗಿಂತ ಹೆಚ್ಚೇ ಒಳಸೇರುತ್ತದೆ.

ಪುಪ್ಪುಸದ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ತೀರದ ದಮ್ಮು ಇವು ಎಲ್ಲರೂ ಕೇಳಿದ ಹೆಸರುಗಳು. ಕಾಲಿನ ವಿಚಾರವನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಕೆಲವು ವರ್ಷಗಳ ಹಿಂದೆ ಮೂವತ್ತೆಂಟರ ರೈತನೊಬ್ಬ ಬಂದ. ನಡೆದರೆ ಮೀನಖಂಡದಲ್ಲಿ ಸೆಳೆತ, ನಿಂತರೆ ಉಪಶಮನ. ಎಣ್ಣೆ ತಿಕ್ಕಿ ತಿಕ್ಕಿ ಆರು ತಿಂಗಳು ಕಳೆದಿದ್ದ. ಕಿರುಬೆರಳು ಕಪ್ಪಾಗಿತ್ತು, ಪಾದ ತಣ್ಣಗಿತ್ತು, ಪಾದದ ನಾಡಿ ನಮ್ಮ ಬೆರಳಿಗೆ ಸಿಗಲಿಲ್ಲ. ಸಕ್ಕರೆ ಕಾಯಿಲೆ ಇರಲಿಲ್ಲ. ದಿನಕ್ಕೆ ಎರಡು ಕಟ್ಟು ಬೀಡಿ ಇತ್ತು. ತಂಬಾಕು ಸೇವಿಸುವ ತರುಣರ ಕೈಕಾಲುಗಳ ರಕ್ತನಾಳಗಳು ಉರಿಯೂತದಿಂದ ಮುಚ್ಚಿಹೋಗುವ ಈ ರೋಗಕ್ಕೆ ಬರ್ಜರ್ ಕಾಯಿಲೆ ಎನ್ನುತ್ತಾರೆ. ಅದೇ ದಿನ ಶಸ್ತ್ರವೈದ್ಯರಲ್ಲಿಗೆ ಕಳುಹಿಸಿದೆವು. "ತಮ್ಮಾ, ಬೀಡಿ ಇಟ್ಟುಕೊಂಡರೆ ಕಾಲು ಉಳಿಯುವುದಿಲ್ಲ" ಎಂದು ಹೇಳಿದ್ದನ್ನು ಆತ ಕೇಳಿದ. ಒಂದು ಬೆರಳು ಹೋಯಿತು, ಪಾದ ಉಳಿಯಿತು. ಈಗಲೂ ಜಾತ್ರೆಗೆ ನಡೆದೇ ಬರುತ್ತಾನೆ. ಆ ರೋಗಕ್ಕೆ ತಂಬಾಕನ್ನು ಸಂಪೂರ್ಣವಾಗಿ ತೊರೆಯುವುದಕ್ಕಿಂತ ಮಿಗಿಲಾದ ಚಿಕಿತ್ಸೆ ನಮ್ಮಲ್ಲಿಯೂ ಇಲ್ಲ, ಅಲೋಪತಿಯಲ್ಲಿಯೂ ಇಲ್ಲ.

'ಅರವತ್ತಾಯಿತು, ಇನ್ನು ಬಿಟ್ಟು ಫಲವೇನು?' ಎಂಬ ಹಿರಿಯರಿಗೆ ಒಂದು ಲೆಕ್ಕವಿದೆ. ಬ್ರಿಟನ್ನಿನಲ್ಲಿ 1951ರಿಂದ ಐವತ್ತು ವರ್ಷ ಮೂವತ್ತನಾಲ್ಕು ಸಾವಿರಕ್ಕೂ ಮಿಕ್ಕ ವೈದ್ಯರನ್ನೇ ಗಮನಿಸಿದ ಅಧ್ಯಯನದ ಪ್ರಕಾರ, ಸಿಗರೇಟು ಸೇದುತ್ತಲೇ ಇದ್ದವರು ಸೇದದವರಿಗಿಂತ ಸುಮಾರು 10 ವರ್ಷ ಮೊದಲೇ ತೀರಿಕೊಂಡರು. 40ರಲ್ಲಿ ಬಿಟ್ಟವರು ಅದರಲ್ಲಿ 9 ವರ್ಷಗಳನ್ನು, 50ರಲ್ಲಿ ಬಿಟ್ಟವರು 6 ವರ್ಷಗಳನ್ನು, 60ರಲ್ಲಿ ಬಿಟ್ಟವರೂ 3 ವರ್ಷಗಳನ್ನು ಮರಳಿ ಪಡೆದರು. ಮೂರು ವರ್ಷವೆಂದರೆ ಮೊಮ್ಮಗಳ ಮದುವೆಯನ್ನು ನೋಡುವಷ್ಟು ಕಾಲವಾಗಬಹುದು.

ಬಿಡುವ ಬಗೆ ಹೇಗೆ? ಅಹಿತವಾದ ಅಭ್ಯಾಸವನ್ನು ಕಾಲು ಕಾಲು ಭಾಗವಾಗಿ ತ್ಯಜಿಸುವ ಪಾದಾಂಶಿಕ ಕ್ರಮವನ್ನು ಚರಕರು ಹೇಳಿದ್ದಾರೆ. ದಿನಕ್ಕೆ 20 ಬೀಡಿ ಸೇದುವವರು ಕೆಲವು ದಿನ 15, ಮುಂದೆ 10, ಬಳಿಕ 5, ಆಮೇಲೆ ಇಲ್ಲ. ಇದರಲ್ಲಿ ಒಂದು ಮೋಸವಿದೆ: ಉಳಿದ ಬೀಡಿಗಳನ್ನು ಜನ ಇನ್ನಷ್ಟು ಆಳವಾಗಿ ಎಳೆಯುತ್ತಾರೆ. ಆದ್ದರಿಂದ ಪೂರ್ತಿ ನಿಲ್ಲಿಸುವ ದಿನವನ್ನು ಮೊದಲೇ ಗೊತ್ತುಮಾಡಿ ಮನೆಯವರಿಗೆ ತಿಳಿಸಬೇಕು. ಅಂದು ಬೆಂಕಿಪೊಟ್ಟಣ ಜೇಬಿನಲ್ಲಿರಬಾರದು. ಬೀಡಿಗೆ ಜೊತೆಯಾಗಿದ್ದ ಬೆಳಗಿನ ಚಹವನ್ನು ಒಂದು ತಿಂಗಳು ಬಿಟ್ಟು ಗಂಜಿ ಅಥವಾ ಕಷಾಯ ಕುಡಿದರೆ ಒಳಿತು. ಸೆಳೆತ ಬಂದಾಗ ಅದು ಕೆಲವೇ ನಿಮಿಷಗಳದೆಂದು ನೆನೆದು, ಒಂದು ಲವಂಗ ಬಾಯಲ್ಲಿಟ್ಟು, ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಮಲಬದ್ಧತೆಗೆ ರಾತ್ರಿ ಬಿಸಿನೀರಿನಲ್ಲಿ ತ್ರಿಫಲಾ ಚೂರ್ಣ ಸಾಕು. ಜ್ಯೇಷ್ಠಮಧುವನ್ನು ಅಗಿಯುವವರಿದ್ದಾರೆ, ರಕ್ತದೊತ್ತಡ ಉಳ್ಳವರಿಗೆ ಅದು ಬೇಡ. ಕೆಮ್ಮು ಮೊದಲ ಕೆಲವು ವಾರ ತುಸು ಹೆಚ್ಚಬಹುದು. ಶ್ವಾಸನಾಳ ತನ್ನನ್ನು ತಾನೇ ಶುದ್ಧಿಗೊಳಿಸುತ್ತಿರುವಾಗ ಹೀಗಾಗುವುದುಂಟು, ಬೆದರಿ ಮತ್ತೆ ಬೀಡಿ ಹಚ್ಚಬೇಡಿರಿ. ಕಫದಲ್ಲಿ ರಕ್ತ ಕಂಡರೆ ಮಾತ್ರ ತಡಮಾಡದೆ ತಪಾಸಣೆ ಆಗಬೇಕು.

ನಿದ್ದೆಯಿಂದೆದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಬೇಕೆನ್ನುವವರ ಚಟ ಗಟ್ಟಿಯಾದುದು. ಅಂಥವರಿಗೆ ನಿಕೋಟಿನ್ ಚೂಯಿಂಗ್ ಗಮ್ ನೆರವಾಗುತ್ತದೆ. ಆಯುರ್ವೇದದವರಾದ ನಾವೇ ಇದನ್ನು ಹೇಳುತ್ತಿದ್ದೇವೆ. ಹೃದ್ರೋಗ ಉಳ್ಳವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬಳಸಬೇಕು. ಕೇಂದ್ರ ಸರಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದರೆ ಸಲಹೆಗಾರರು ಮಾತನಾಡಿ ಧೈರ್ಯ ತುಂಬುತ್ತಾರೆ. ಈ ಶ್ರಾವಣದಲ್ಲಿ ಬಿಡುವವರು ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಬೀಡಿಯಂಗಡಿಗೆ ಹೋಗುವ ಮುನ್ನ ಒಮ್ಮೆ ನಮ್ಮ ಚಿಕಿತ್ಸಾಲಯಕ್ಕೆ ಬನ್ನಿರಿ. ಅಂದು ಏಳು ಗಂಟೆಗೇ ಬಾಗಿಲು ತೆರೆದಿರುತ್ತೇವೆ.