ಪುರಾತನ ವೃಕ್ಷಗಳು: ವಯಸ್ಸು, ಮಹತ್ವ ಹಾಗೂ ಸಂರಕ್ಷಣೆ

ಪೀಠಿಕೆ

ಮನೆ ನಿರ್ಮಾಣ, ರಸ್ತೆ ಅಗಲೀಕರಣ, ಕೃಷಿ ಮುಂತಾದ ಕಾರಣಗಳಿಗಾಗಿ ಮರಗಳನ್ನು ತೆರವುಗೊಳಿಸಲು ಅನುಮತಿ ಕೋರಿ ಸಾರ್ವಜನಿಕರು ಅರ್ಜಿ ಸಲ್ಲಿಸುತ್ತಾರೆ. ಇಂತಹ ಅರ್ಜಿಗಳಲ್ಲಿ ಕೆಲವೊಮ್ಮೆ ಅತ್ಯಂತ ಹಳೆಯ ಮರಗಳೂ ಸೇರಿರುವುದುಂಟು. ಮರವೊಂದರ ವಯಸ್ಸನ್ನು ಹೊರನೋಟದಿಂದ ತಿಳಿಯುವುದು ಸುಲಭವಲ್ಲ. ಆದುದರಿಂದ ವಿಶ್ವದ ಕೆಲವು ಪುರಾತನ ವೃಕ್ಷಗಳ ವಿವರಗಳನ್ನು ಹಾಗೂ ಅವುಗಳಿಂದ ತಿಳಿದುಬರುವ ಅಂಶಗಳನ್ನು ಇಲ್ಲಿ ನೀಡಲಾಗಿದೆ.

1. ವಯಸ್ಸನ್ನು ನಿರ್ಧರಿಸುವ ವಿಧಾನ

ಚಳಿಗಾಲ ಮತ್ತು ಬೇಸಿಗೆಯ ವ್ಯತ್ಯಾಸ ಸ್ಪಷ್ಟವಾಗಿರುವ ಪ್ರದೇಶಗಳಲ್ಲಿ ಮರದ ಕಾಂಡದೊಳಗೆ ಪ್ರತಿ ವರ್ಷ ಒಂದು ಉಂಗುರ ಮೂಡುತ್ತದೆ. ಟೊಳ್ಳಾದ ಕೊರೆಯುವ ಸಾಧನದಿಂದ ಪೆನ್ಸಿಲ್ಲಿನಷ್ಟು ತೆಳುವಾದ ಮಾದರಿಯನ್ನು ಹೊರತೆಗೆದು, ಮರವನ್ನು ಕಡಿಯದೆಯೇ ಈ ಉಂಗುರಗಳನ್ನು ಎಣಿಸಬಹುದು. ಆದರೆ ಉಷ್ಣವಲಯದ ಅನೇಕ ಮರಗಳಲ್ಲಿ ವಾರ್ಷಿಕ ಉಂಗುರಗಳು ಸ್ಪಷ್ಟವಾಗಿರುವುದಿಲ್ಲ. ಕೆಲವು ಹಳೆಯ ಮರಗಳ ಒಳಭಾಗವು ಪೊಳ್ಳಾಗಿರುತ್ತದೆ. ಅಂತಹ ಸಂದರ್ಭಗಳಲ್ಲಿ ಇಂಗಾಲದ ಕಾಲಮಾಪನ ವಿಧಾನ ಅಥವಾ ಲಿಖಿತ ದಾಖಲೆಗಳನ್ನು ಅವಲಂಬಿಸಬೇಕಾಗುತ್ತದೆ. ಕಾಂಡದ ಸುತ್ತಳತೆಯೊಂದರಿಂದಲೇ ವಯಸ್ಸನ್ನು ಹೇಳಲಾಗದು. ದಪ್ಪನೆಯ ಮರ ಎಳೆಯದಾಗಿರಬಹುದು. ಕುಳ್ಳಗೆ ಒಣಗಿದಂತೆ ಕಾಣುವ ಮರ ಸಹಸ್ರಾರು ವರ್ಷ ಹಳೆಯದಾಗಿರಬಹುದು.

2. ಪ್ರೊಮಿಥ್ಯೂಸ್ ವೃಕ್ಷ

ಈ ಮಾತಿಗೆ ಅಮೆರಿಕದ ನೆವಾಡಾ ರಾಜ್ಯದ ಘಟನೆಯೊಂದು ನಿದರ್ಶನವಾಗಿದೆ. ಅಲ್ಲಿನ ವೀಲರ್ ಶಿಖರದ ಇಳಿಜಾರಿನಲ್ಲಿ ಬ್ರಿಸಲ್‌ಕೋನ್ ಪೈನ್ ಎಂಬ ಜಾತಿಯ ಮರಗಳು ಬೆಳೆಯುತ್ತವೆ. ತೀವ್ರ ಚಳಿ, ಅಲ್ಪ ಮಳೆ ಮತ್ತು ಸತ್ವವಿಲ್ಲದ ಮಣ್ಣಿನಲ್ಲಿ ಇವು ಅತಿ ನಿಧಾನವಾಗಿ ಬೆಳೆಯುತ್ತವೆ. ಇದರಿಂದ ಮರದ ತಿರುಳು ಗಟ್ಟಿಯಾಗಿ, ರಾಳದಿಂದ ತುಂಬಿ, ಹುಳು ಮತ್ತು ಶಿಲೀಂಧ್ರಗಳನ್ನು ತಡೆಯುತ್ತದೆ. ಮರಗಳು ದೂರದೂರವಿರುವುದರಿಂದ ಕಾಳ್ಗಿಚ್ಚು ಸುಲಭವಾಗಿ ಹರಡುವುದಿಲ್ಲ. ತೊಗಟೆಯ ಬಹುಭಾಗ ಸತ್ತರೂ ಉಳಿದ ಒಂದು ಪಟ್ಟಿಯ ಆಧಾರದಿಂದಲೇ ಮರ ಜೀವಂತವಾಗಿರುತ್ತದೆ.

1964ರಲ್ಲಿ ಡೊನಾಲ್ಡ್ ಕರ್ರೀ ಎಂಬ ಸಂಶೋಧನಾ ವಿದ್ಯಾರ್ಥಿ ಪ್ರಾಚೀನ ಹವಾಮಾನದ ಅಧ್ಯಯನಕ್ಕಾಗಿ ಈ ಮರಗಳ ಮಾದರಿಗಳನ್ನು ಸಂಗ್ರಹಿಸುತ್ತಿದ್ದರು. ಅವುಗಳಲ್ಲೊಂದು ಮರದಿಂದ ಕೊರೆಯುವ ಸಾಧನದ ಮೂಲಕ ಪೂರ್ಣ ಮಾದರಿ ದೊರೆಯದ ಕಾರಣ, ಅಮೆರಿಕದ ಅರಣ್ಯ ಸೇವೆಯ ಅನುಮತಿ ಪಡೆದು ಅದನ್ನು ಕಡಿಯಲಾಯಿತು. ಸ್ಥಳೀಯ ಪರ್ವತಾರೋಹಿಗಳು ಆ ಮರಕ್ಕೆ ಮೊದಲೇ ಪ್ರೊಮಿಥ್ಯೂಸ್ ಎಂದು ಹೆಸರಿಟ್ಟಿದ್ದರು. ಕಡಿದ ನಂತರ ಅದರಲ್ಲಿ 4,800ಕ್ಕೂ ಹೆಚ್ಚು ಉಂಗುರಗಳಿರುವುದು ಕಂಡುಬಂದಿತು. ಅಂದಿಗೆ ತಿಳಿದಿದ್ದ ಮರಗಳಲ್ಲೇ ಅದು ಅತ್ಯಂತ ಹಿರಿಯದಾಗಿತ್ತು. ಇಲ್ಲಿ ಯಾವುದೇ ಕಾನೂನಿನ ಉಲ್ಲಂಘನೆ ನಡೆದಿರಲಿಲ್ಲ. ಅರ್ಜಿಯೂ ಇತ್ತು, ಅನುಮತಿಯೂ ಇತ್ತು. ಇಲ್ಲದಿದ್ದುದು ಕಡಿಯುವ ಮುನ್ನ ಮರದ ವಯಸ್ಸಿನ ಅರಿವು ಮಾತ್ರ. ಆ ಪ್ರದೇಶವನ್ನು 1986ರಲ್ಲಿ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು.

ಇದೇ ಜಾತಿಯ ಮೆಥುಸೆಲಾ ಎಂಬ ಮರವು ಕ್ಯಾಲಿಫೋರ್ನಿಯಾದ ಶ್ವೇತ ಪರ್ವತಗಳಲ್ಲಿದೆ. 1957ರಲ್ಲಿ ಎಡ್ಮಂಡ್ ಶುಲ್ಮನ್ ಅವರು ಮಾದರಿ ಪಡೆದು ಅಧ್ಯಯನ ಮಾಡಿದ ಈ ಮರಕ್ಕೆ 4,800ಕ್ಕೂ ಹೆಚ್ಚು ವರ್ಷಗಳಾಗಿವೆ. ಇದರ ರಕ್ಷಣೆಗಾಗಿ ಮರವಿರುವ ನಿಖರ ಸ್ಥಳವನ್ನು ಅಲ್ಲಿನ ಅರಣ್ಯ ಸೇವೆ ಬಹಿರಂಗಪಡಿಸುವುದಿಲ್ಲ.

3. ಮಾನವ ಪೋಷಿತ ವೃಕ್ಷಗಳು

ಶ್ರೀಲಂಕಾದ ಅನುರಾಧಪುರದಲ್ಲಿರುವ ಜಯ ಶ್ರೀ ಮಹಾಬೋಧಿ ಅರಳಿ ಮರವನ್ನು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ನೆಡಲಾಯಿತೆಂದು ಪರಂಪರೆಯ ದಾಖಲೆಗಳು ತಿಳಿಸುತ್ತವೆ. ಅಶೋಕ ಚಕ್ರವರ್ತಿಯ ಮಗಳಾದ ಸಂಘಮಿತ್ರೆ ಬೋಧಗಯೆಯ ಬೋಧಿವೃಕ್ಷದ ಕೊಂಬೆಯನ್ನು ಅಲ್ಲಿಗೆ ಕೊಂಡೊಯ್ದಳೆಂಬುದು ಪ್ರತೀತಿ. ರಾಜ್ಯಗಳು ಅಳಿದರೂ ಮರದ ಆರೈಕೆ ನಿಂತಿಲ್ಲ.

ಹೌರಾದ ಸಸ್ಯೋದ್ಯಾನದಲ್ಲಿರುವ 250 ವರ್ಷಗಳಿಗೂ ಹಳೆಯದಾದ ಮಹಾ ಆಲದ ಮರದ ಮುಖ್ಯ ಕಾಂಡವು ಶಿಲೀಂಧ್ರ ರೋಗಕ್ಕೆ ತುತ್ತಾದ ಕಾರಣ 1925ರಲ್ಲಿ ಅದನ್ನು ತೆಗೆಯಲಾಯಿತು. ನೆಲಕ್ಕಿಳಿದ ಬಿಳಲುಗಳೇ ಕಾಂಡಗಳಾಗಿ ಮರವು ಇಂದಿಗೂ ಹರಡುತ್ತಿದೆ. ರೋಗಗ್ರಸ್ತ ಭಾಗವನ್ನಷ್ಟೇ ತೆಗೆದು ಮರವನ್ನು ಉಳಿಸಬಹುದೆಂಬುದಕ್ಕೆ ಇದು ಸಾಕ್ಷಿ.

4. ಕರ್ನಾಟಕದ ಪುರಾತನ ವೃಕ್ಷಗಳು

ಅ) ಬೆಂಗಳೂರು ಸಮೀಪದ ಕೇತೋಹಳ್ಳಿಯ ದೊಡ್ಡ ಆಲದ ಮರವು ಸುಮಾರು 400 ವರ್ಷ ಹಳೆಯದೆಂದು ಅಂದಾಜಿಸಲಾಗಿದ್ದು, ಸುಮಾರು 3 ಎಕರೆ ಪ್ರದೇಶದಲ್ಲಿ ಹರಡಿದೆ. ಇದರ ಮೂಲ ಕಾಂಡವೂ ಈಗ ಇಲ್ಲ.

ಆ) ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು ಸುಮಾರು 54 ಎಕರೆ ವಿಸ್ತೀರ್ಣ ಹೊಂದಿದೆ. ಜೈವಿಕ ವೈವಿಧ್ಯ ಅಧಿನಿಯಮ, 2002ರ ಅಡಿಯಲ್ಲಿ 2007ರಲ್ಲಿ ಇದನ್ನು ದೇಶದ ಮೊದಲ ಜೈವಿಕ ವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು.

ಇ) ಹಾವೇರಿ ಜಿಲ್ಲೆಯ ಸವಣೂರಿನ ಮಠವೊಂದರ ಆವರಣದಲ್ಲಿರುವ ಬೃಹತ್ ಮರಗಳನ್ನು ಜನರು ದೊಡ್ಡ ಹುಣಸೆ ಎಂದು ಕರೆಯುತ್ತಾರೆ. ವಾಸ್ತವವಾಗಿ ಇವು ಆಫ್ರಿಕಾ ಮೂಲದ ಬಾವೊಬಾಬ್ ಮರಗಳಾಗಿದ್ದು, ಹುಣಸೆಗಿಂತ ಬೂರುಗದ ಮರಕ್ಕೆ ಹತ್ತಿರದ ಸಂಬಂಧಿಗಳು. ಮೂರು ಮರಗಳ ಪೈಕಿ ಒಂದು 2023ರಲ್ಲಿ ಉರುಳಿಬಿದ್ದಾಗ ಅದನ್ನು ಕೈಬಿಡದೆ ಎತ್ತಿ ಮರುನಾಟಿ ಮಾಡಲಾಯಿತು. ಆಫ್ರಿಕಾದಲ್ಲಿ ಅಧ್ಯಯನಕ್ಕೊಳಪಟ್ಟ ಅತ್ಯಂತ ಹಳೆಯ 13 ಬಾವೊಬಾಬ್ ಮರಗಳಲ್ಲಿ 9 ಮರಗಳು 2005ರ ನಂತರದ ಸುಮಾರು 12 ವರ್ಷಗಳಲ್ಲಿ ಪೂರ್ಣವಾಗಿ ಅಥವಾ ಭಾಗಶಃ ನಾಶವಾದವೆಂದು 2018ರಲ್ಲಿ ವಿಜ್ಞಾನಿಗಳು ವರದಿ ಮಾಡಿರುತ್ತಾರೆ. ಈ ಹಿನ್ನೆಲೆಯಲ್ಲಿ ಸವಣೂರಿನ ಮರಗಳ ಮಹತ್ವ ಇನ್ನೂ ಹೆಚ್ಚಿದೆ.

5. ಅರ್ಜಿದಾರರ ಗಮನಕ್ಕೆ

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅನ್ವಯ ಮರ ಕಡಿಯಲು, ಅಧಿನಿಯಮದಲ್ಲಿ ವಿನಾಯಿತಿ ನೀಡಿರುವ ಸಂದರ್ಭಗಳನ್ನು ಹೊರತುಪಡಿಸಿ, ವೃಕ್ಷಾಧಿಕಾರಿಯವರ ಪೂರ್ವಾನುಮತಿ ಅವಶ್ಯಕ. ಮರವು ಒಣಗಿರುವುದು, ರೋಗಗ್ರಸ್ತವಾಗಿರುವುದು, ಗಾಳಿಗೆ ಬಿದ್ದಿರುವುದು, ಜೀವ ಅಥವಾ ಆಸ್ತಿಗೆ ಅಪಾಯಕಾರಿಯಾಗಿರುವುದು ಮುಂತಾದ ಕಾರಣಗಳನ್ನು ಅಧಿನಿಯಮವು ಪರಿಗಣಿಸುತ್ತದೆ. ಅರ್ಜಿ ಸಲ್ಲಿಸುವ ಮುನ್ನ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಸೂಕ್ತ:

- ಮರದ ಸ್ಥಳೀಯ ಹೆಸರು, ಎದೆಮಟ್ಟದ ಸುತ್ತಳತೆ ಹಾಗೂ ಊರಿನ ಹಿರಿಯರಿಂದ ತಿಳಿದುಬರುವ ವಯಸ್ಸಿನ ಮಾಹಿತಿಯನ್ನು ಅರ್ಜಿಯಲ್ಲಿ ನಮೂದಿಸುವುದು.
- ಅಪಾಯವಿರುವುದು ಇಡೀ ಮರದಿಂದಲೋ ಅಥವಾ ಒಂದೆರಡು ಕೊಂಬೆಗಳಿಂದಲೋ ಎಂಬುದನ್ನು ಗುರುತಿಸುವುದು.
- ಕೊಂಬೆ ಸವರುವುದು, ಆಧಾರ ಕಂಬ ನೀಡುವುದು, ಕಟ್ಟಡದ ನಕ್ಷೆಯನ್ನು ಮಾರ್ಪಡಿಸುವುದು ಅಥವಾ ಮರವನ್ನು ಸ್ಥಳಾಂತರಿಸುವುದು ಸಾಧ್ಯವೇ ಎಂದು ವಿಚಾರಿಸುವುದು.
- ಬುಡದ ಸುತ್ತ ಕಾಂಕ್ರೀಟ್ ಹಾಕಿದ್ದಲ್ಲಿ ಅದನ್ನು ತೆಗೆದು ಬೇರಿಗೆ ನೀರು ಮತ್ತು ಗಾಳಿ ದೊರೆಯುವಂತೆ ಮಾಡುವುದು.

ಕಡಿದ ಮರಕ್ಕೆ ಬದಲಾಗಿ ಸಸಿ ನೆಡುವಂತೆ ಷರತ್ತು ವಿಧಿಸಲು ಅವಕಾಶವಿದೆ. ಆದರೆ 400 ವರ್ಷದ ಮರಕ್ಕೆ ಸಮನಾದುದನ್ನು ಪಡೆಯಲು ಆ ಸಸಿಯೂ 400 ವರ್ಷ ಬಾಳಬೇಕಾಗುತ್ತದೆ. ಆದುದರಿಂದ ಹಳೆಯ ಮರಗಳ ವಿಷಯದಲ್ಲಿ ತೆರವನ್ನು ಕೊನೆಯ ಮಾರ್ಗವೆಂದು ಭಾವಿಸಿ ಸಹಕರಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.