ಕೀ ತಿರುಗದ ಹಳೇ ಬೆಂಜ್: ಎಲ್ಲವೂ ಒರಿಜಿನಲ್ಲೇ ಆಗಬೇಕೆ?

‘ಇಗ್ನಿಷನ್ ಲಾಕ್ ಹೋದರೆ ಒರಿಜಿನಲ್ಲೇ ಹುಡುಕಿ, ಬೇರೆಯದು ಮುಟ್ಟಲೇಬೇಡಿ.’ ಹಳೇ ಕಾರು ಸಾಕಿಕೊಂಡವರ ನಡುವೆ ಈ ಮಾತಿಗೆ ಎದುರಿಲ್ಲ. ಲಾಕ್ ಎಂಬುದು ಒಂದೇ ಸಾಮಾನಾಗಿದ್ದರೆ ಒಪ್ಪಬಹುದಿತ್ತು.

1976ರಲ್ಲಿ ಬಂದ, ಸುಮಾರು 27 ಲಕ್ಷ ತಯಾರಾದ ಮರ್ಸಿಡಿಸ್ ಡಬ್ಲ್ಯು 123 ನೋಡಿ. ಅದರಲ್ಲಿ ಕೀ ಹೋಗುವ ಸಿಲಿಂಡರ್ ಬೇರೆ, ಸ್ಟೀರಿಂಗ್ ಹಿಡಿದಿಡುವ ಲಾಕ್ ಬೇರೆ, ಹಿಂಬದಿಯ ಕರೆಂಟಿನ ಸ್ವಿಚ್ ಬೇರೆ. ಕೀ ತಿರುಗಿಸಿದರೂ ಡ್ಯಾಶ್‌ಬೋರ್ಡಿನ ದೀಪ ಹತ್ತದಿದ್ದರೆ ಮೊದಲ ಅನುಮಾನ ಸ್ವಿಚ್ಚಿನ ಮೇಲಿರಲಿ. ಅದಕ್ಕೆ ಒಳ್ಳೆಯ ತಯಾರಕರ ಬದಲಿ ಧಾರಾಳ ಸಾಕು. ಡಬ್ಬಿಯಲ್ಲೇ ದಶಕಗಟ್ಟಲೆ ಕೂತ ‘ಒರಿಜಿನಲ್’ ಸ್ವಿಚ್ಚಿನ ಪ್ಲಾಸ್ಟಿಕ್ಕಿಗೂ ವಯಸ್ಸಾಗಿರುತ್ತದೆ. ಸ್ಟೀರಿಂಗ್ ಲಾಕಿನಲ್ಲಿ ಮಾತ್ರ ನಾನು ಜಿಪುಣತನಕ್ಕೆ ವಿರೋಧಿ. ಓಡುವಾಗ ಅದರ ಬೋಲ್ಟ್ ಜಾರಿ ಕೂತರೆ ಚಕ್ರ ತಿರುಗುವುದಿಲ್ಲ. ಇಲ್ಲಿ ಹೊಸ ಒರಿಜಿನಲ್ಲೇ ಬೇಕು. ಗುಜರಿಯಿಂದ ತಂದದ್ದೂ ಒರಿಜಿನಲ್ಲೇ, ಆದರೆ ನಿಮ್ಮದರಷ್ಟೇ ಸವೆದದ್ದು.

ಹೊಸ ಸಿಲಿಂಡರ್ ಹಾಕಿದರೆ ಬಾಗಿಲಿಗೊಂದು ಕೀ, ಇಂಜಿನ್ನಿಗೊಂದು ಕೀ ಎಂಬ ಭಯವೂ ಇದೆ. ಅಗ್ಗದ್ದು ತಂದರೆ ಹಾಗೆಯೇ ಆಗುತ್ತದೆ. ಕಂಪನಿಯಿಂದ ಛಾಸಿ ನಂಬರ್ ಕೊಟ್ಟು ತರಿಸಿದ ಸಿಲಿಂಡರ್ ಕಾರಿನ ಮೂಲ ಕೀಗೆ ಹೊಂದುತ್ತದೆ. ಎಷ್ಟೋ ಸಲ ತಪ್ಪು ಸಿಲಿಂಡರಿನದೂ ಅಲ್ಲ, ಕೀಯದು: ಸವೆದ ಕೀ ನೋಡಿ ಕೊರೆದ ನಕಲು, ಆ ನಕಲಿಗೊಂದು ನಕಲು. ನಂಬರಿನಿಂದ ಹೊಸ ಕೀ ಮಾಡಿಸಿ ನೋಡಿದ ಮೇಲೆ ಲಾಕ್ ಬಿಚ್ಚುವ ಯೋಚನೆ ಮಾಡಿ. ಬಿಗಿಯಾದ ಲಾಕಿಗೆ ಇಂಜಿನ್ ಆಯಿಲ್ ಬಿಡುವುದೂ ಬೇಡ. ಧೂಳು ಮೆತ್ತಿಕೊಂಡು ಅಂಟಾಗುತ್ತದೆ.

ಎಲ್ಲಕ್ಕಿಂತ ದುಬಾರಿ ನಂಬಿಕೆ: ‘ಅಲ್ಲಾಡಿಸಿದರೆ ಇನ್ನೂ ತಿರುಗುತ್ತಲ್ಲ, ಆಮೇಲೆ ನೋಡೋಣ.’ ಸಿಲಿಂಡರ್ ಬಿಚ್ಚಲೂ ಕೀ ತಿರುಗಲೇಬೇಕು: ಕೀಯನ್ನು 1ನೇ ಸ್ಥಾನಕ್ಕೆ ತಿರುಗಿಸಿ, ಸುತ್ತಲಿನ ಕಪ್ಪು ಬಿಲ್ಲೆಯ ಸಂದಿಗೆ ಗಟ್ಟಿ ತಂತಿ ತೂರಿಸಿದರೆ ಬಿಲ್ಲೆ ಬಿಚ್ಚಿಕೊಂಡು ಸಿಲಿಂಡರ್ ಹೊರಬರುತ್ತದೆ. ಕೀ 0 ಸ್ಥಾನದಲ್ಲೇ ಕಚ್ಚಿಕೊಂಡರೆ ಆ ದಾರಿ ಮುಚ್ಚಿತು. ಸಿಲಿಂಡರೂ ಬರದು, ಸ್ಟೀರಿಂಗ್ ಲಾಕೂ ಬಿಚ್ಚದು, ಚಕ್ರ ಸಿಕ್ಕಿಬಿದ್ದಿದ್ದರೆ ಕಾರನ್ನು ನೆಟ್ಟಗೆ ತಳ್ಳಲೂ ಆಗದು. ಡ್ರಿಲ್ ಹಿಡಿದು ಗಟ್ಟಿ ಉಕ್ಕಿನ ಜೊತೆ ಗುದ್ದಾಡಬೇಕು; ಸಿಲಿಂಡರಿನಷ್ಟೇ ಆಗಬೇಕಿದ್ದ ಖರ್ಚಿಗೆ ಸ್ಟೀರಿಂಗ್ ಲಾಕಿನದೂ ಸೇರುತ್ತದೆ. ಹಾಗಾಗಿ ಹೊಸ ಕೀಯೂ ತಕರಾರು ತೆಗೆದರೆ, ಅದಿನ್ನೂ ತಿರುಗುತ್ತಿರುವಾಗಲೇ, ಸಿಲಿಂಡರ್ ಬದಲಿಸಬೇಕು.

ಡೀಸೆಲ್ ಕಾರಿನವರ ದೂರೇ ಬೇರೆ: ಕೀ ತೆಗೆದರೂ ಇಂಜಿನ್ ನಿಲ್ಲುವುದಿಲ್ಲ, ಲಾಕ್ ಹೋಗಿದೆ! ಈ ಡೀಸೆಲ್‌ಗಳಲ್ಲಿ ಇಂಜಿನ್ ನಿಲ್ಲಿಸುವುದು ಕರೆಂಟಲ್ಲ, ವ್ಯಾಕ್ಯೂಮ್. ಲಾಕಿನ ಹಿಂದಿನ ಪುಟ್ಟ ವಾಲ್ವ್ ಕೆಟ್ಟಿರಬಹುದು. ಅದೇ ವ್ಯಾಕ್ಯೂಮಿನಿಂದ ನಡೆಯುವ ಬಾಗಿಲ ಲಾಕಿನ ಪೈಪ್ ಸೋರುತ್ತಿದ್ದರೂ ಇದೇ ಗತಿ. ಲಾಕ್ ತರಲು ಓಡುವ ಮುನ್ನ ಪೈಪುಗಳನ್ನು ನೋಡಿಸಿ. ಅಲ್ಲಿಯವರೆಗೆ ಬಾನೆಟ್ ಎತ್ತಿ, ಇಂಜಿನ್ನಿನ ಮೇಲೆ ‘ಸ್ಟಾಪ್’ ಎಂದು ಬರೆದ ಲಿವರ್ ಒತ್ತಿದರಾಯಿತು.